ನಾಲ್ಕು ತೆನೆ

ಕೇಳುಗರಿಗೆಲ್ಲ ನಮಸ್ಕಾರ.

ಇನ್ನು ನಾಲ್ಕೇ ದಿನ, ಸೆಪ್ಟೆಂಬರ್ 8 ಬಂತು. ಮೊಂತಿ ಹಬ್ಬ. ಮರಿಯಮ್ಮನ ಹುಟ್ಟುಹಬ್ಬ ಅದು, ನಮ್ಮ ಕರಾವಳಿಯ ಕ್ಯಾಥೊಲಿಕರಿಗೆ ಹೊಸ ಬೆಳೆಯ ಹಬ್ಬವೂ ಹೌದು. ಅದಕ್ಕೂ ಮೊದಲಿನ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನಿಗೆ ಕೊಡುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಫಾದರ್ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ, ನಾವು ಅದನ್ನು ತಂದು ಕಾಳು ಬಿಡಿಸಿ ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಕುಡಿಯುತ್ತೇವೆ, ಆಮೇಲೆ ಮೀನು ಮಾಂಸ ಇಲ್ಲದ ಊಟ.

ಆ ತೆನೆಯ ಸಾಲಿನಲ್ಲಿ ನಿಂತಾಗ ನಿನಗೆ ಗದ್ದೆ ಉಂಟಾ ಅಂತ ಯಾರೂ ಕೇಳುವುದಿಲ್ಲ. ಮಂಗಳೂರಿನಲ್ಲಿ ನಮ್ಮಲ್ಲಿ ಎಷ್ಟು ಜನರಿಗೆ ಈಗ ಗದ್ದೆ ಉಂಟು ಹೇಳಿ? ಗದ್ದೆ ಇದ್ದಲ್ಲಿ ಫ್ಲಾಟ್ ಬಂದಿದೆ. ಆದರೂ ತೆನೆ ಕೈಗೆ ಬರುತ್ತದೆ. ಉಳಲಿಲ್ಲ, ನೆಡಲಿಲ್ಲ, ಸುಮ್ನೆ ಕೈ ಚಾಚಿದ್ದಷ್ಟೇ. ದೇವರ ಕೃಪೆ ಅಂದರೆ ನನಗೆ ಕಣ್ಣಿಗೆ ಕಾಣುವುದು ಇದೇ.

ಪಡೆಯುವುದು ಸುಲಭ. ಅಲ್ಲಿಂದ ಮುಂದಿನದೇ ಕಷ್ಟ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಒಂದು ಕಥೆ ಹೇಳುತ್ತಾರೆ. ಒಬ್ಬ ಸೇವಕನಿಗೆ ಅರಸನ 10,000 ತಲಾಂತು ಸಾಲ. ನಾನು ಒಮ್ಮೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ, ಒಂದು ದಿನಾರಿ ಅಂದರೆ ಆಗಿನ ಕೂಲಿಯವನ ಒಂದು ದಿನದ ದುಡಿಮೆ. ಅಂದರೆ 6 ಕೋಟಿ ದಿನದ ಕೂಲಿ! ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಆ ಮನುಷ್ಯ ಅರಸನ ಕಾಲಿಗೆ ಬಿದ್ದು, ಸ್ವಲ್ಪ ತಾಳಿಕೊಳ್ಳಿ, ಎಲ್ಲವನ್ನೂ ತೀರಿಸುತ್ತೇನೆ ಅನ್ನುತ್ತಾನೆ. ಎಲ್ಲಿಂದ ತೀರಿಸುವುದು? ಅರಸ ಮರುಗಿ ಪೂರ್ತಿ ಸಾಲ ಬಿಟ್ಟುಬಿಡುತ್ತಾನೆ. ಹೊರಗೆ ಬಂದ ಸೇವಕನಿಗೆ ತನಗೆ 100 ದಿನಾರಿ ಕೊಡಬೇಕಾದ ಜೊತೆಗಾರ ಸಿಗುತ್ತಾನೆ. ಅವನ ಕುತ್ತಿಗೆ ಹಿಡಿಯುತ್ತಾನೆ.

100 ದಿನಾರಿ ಸಣ್ಣ ಮೊತ್ತ ಏನಲ್ಲ, ಮೂರು ತಿಂಗಳಿಗಿಂತ ಜಾಸ್ತಿ ಕೂಲಿ. ನಮಗೆ ಬೇರೆಯವರಿಂದ ಆದ ನೋವು ನಿಜವಾದ ನೋವೇ, ಅದನ್ನು ಯೇಸು ಇಲ್ಲ ಅನ್ನುವುದಿಲ್ಲ. ನನಗೆ ಈ ಕಥೆಯಲ್ಲಿ ತುಂಬ ಹಿಡಿಸುವುದು ಇದು.

ಆ ಕುತ್ತಿಗೆ ಹಿಡಿದ ಕೈ ನನ್ನದೂ ಆಗಿತ್ತು. ನಮ್ಮ ಮನೆಯ ಹಿಂದೆಯೇ ಇರುವವರಿಗೆ ನಾನು 40,000 ರೂಪಾಯಿ ಕೊಟ್ಟಿದ್ದೆ. ವಾಪಸ್ ಬರಲಿಲ್ಲ. ಮೊದಲು ಫೋನ್ ಮಾಡಿದೆ, ಆಮೇಲೆ ನಾಲ್ಕು ಜನ ಕೇಳುವ ಹಾಗೆ ಗೇಟಿನ ಹತ್ತಿರ ನಿಂತು ಗದರಿದೆ, ಕೊನೆಗೆ ಮಾತೇ ಬಿಟ್ಟೆ. ನನ್ನ ಮುಖ ನೋಡಬೇಕಲ್ಲ ಅಂತ ಅವರು ಇಗರ್ಜಿಗೆ ಬರುವುದನ್ನೂ ನಿಲ್ಲಿಸಿದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಭಾನುವಾರ ಪೂಜೆಯಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಅಂತ ಬಾಯಿಬಿಟ್ಟು ಪ್ರಾರ್ಥಿಸುತ್ತಿದ್ದೆ.

ಹೋದ ವರ್ಷ ಹಬ್ಬದ ದಿನ ಅಮ್ಮ ನಾಲ್ಕು ತೆನೆ ಬೇರೆ ಎತ್ತಿಟ್ಟು, "ಇದನ್ನು ಅವರಿಗೆ ಕೊಟ್ಟು ಬಾ, ಬಾರದವರಿಗೆ ಕಳಿಸುವುದು ಕ್ರಮ ಅಲ್ವಾ" ಅಂದರು. ನನ್ನಿಂದ ಆಗುವುದಿಲ್ಲ ಅಂದೆ. ಅಮ್ಮ ವಾದ ಮಾಡಲಿಲ್ಲ. "ನಿನ್ನ ಅಪ್ಪ ಹಾಸಿಗೆ ಹಿಡಿದಿದ್ದಾಗ ಅಂಗಡಿಯ ಬ್ಯಾರಿಯವರು ಎಂಟು ತಿಂಗಳು ಅಕ್ಕಿ ಸಾಲ ಕೊಟ್ಟದ್ದು ನೆನಪುಂಟಾ? ಕೊನೆಗೆ ಲೆಕ್ಕದ ಹಾಳೆ ಹರಿದು ನನ್ನ ಕೈಗೇ ಕೊಟ್ಟದ್ದು?" ಅಂತ ಕೇಳಿದರು, ಅಷ್ಟೇ.

ಮರೆತಿದ್ದೆ. ನಿಜವಾಗಿ ಮರೆತಿದ್ದೆ.

ಮಳೆಯಲ್ಲೇ ಹೋದೆ. ಬಾಗಿಲು ತೆಗೆದವರು ನನ್ನನ್ನು ನೋಡಿದ ಕೂಡಲೇ, "ಬರುವ ತಿಂಗಳು ಖಂಡಿತ..." ಅಂತ ಶುರು ಮಾಡಿದರು. "ಹಣಕ್ಕೆ ಬಂದದ್ದಲ್ಲ ಮಾರಾಯ್ರೇ, ತೆನೆ ತಂದದ್ದು. ಆ ಹಣದ ಮಾತು ಇನ್ನು ಬೇಡ" ಅಂದೆ. ಅವರು ಎರಡೂ ಕೈ ಚಾಚಿ ತೆಗೆದುಕೊಂಡರು. ನಾನು ಇಗರ್ಜಿಯಲ್ಲಿ ಚಾಚಿದ ಹಾಗೆಯೇ.

ನಮ್ಮ ಊರಿಗೆ ಇದು ಹೊಸತಲ್ಲ. ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದ ಫಾದರ್ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೂ ಜಾಗ ಮಾಡಿಕೊಟ್ಟರು. ಮನೆಯವರೇ ಮುಟ್ಟಲು ಹೆದರುತ್ತಿದ್ದ ಕಾಲ ಅದು. ಅದರ ಮುಂದೆ ನನ್ನ 40,000 ಎಷ್ಟರದು?

ಆದರೆ ಅದೇ ರಾತ್ರಿ ಆ ಹಣ ಮತ್ತೆ ನೆನಪಾಯಿತು, ಸಿಟ್ಟೂ ಬಂತು. ಎಷ್ಟು ಸಲ ಕ್ಷಮಿಸಬೇಕು ಅಂತ ಪೇತ್ರ ಕೇಳಿದಾಗ ಯೇಸು ಏಳು ಸಲ ಅಲ್ಲ, ಏಳೆಪ್ಪತ್ತು ಸಲ ಅಂದದ್ದು ಯಾಕೆ ಅಂತ ನನಗೆ ಆಗ ತಿಳಿಯಿತು. ಒಂದೇ ಸಾಲವನ್ನು ಎಷ್ಟೋ ಸಲ ಬಿಡಬೇಕಾಗುತ್ತದೆ. ಈಗಲೂ ಬಿಡುತ್ತಾ ಇದ್ದೇನೆ.

ಈ ವಾರ ಅವರ ಸಣ್ಣ ಮಗಳು ಬೆಳಿಗ್ಗೆ ಬೇಗ ನಮ್ಮ ಅಂಗಳಕ್ಕೆ ಬರುತ್ತಾಳೆ, ಹೂ ಕೊಯ್ಯಲು. ದಾಸವಾಳದ ಕೊಂಬೆ ಅವಳಿಗೆ ಎಟಕುವುದಿಲ್ಲ. ಬುಟ್ಟಿ ತುಂಬುವ ತನಕ ನಾನು ಬಗ್ಗಿಸಿ ಹಿಡಿದುಕೊಂಡು ನಿಲ್ಲುತ್ತೇನೆ.

ನಮಸ್ಕಾರ.