ದಾರಿ ಮೊದಲೇ ಹೇಳಬೇಕು

ಎಲ್ಲರಿಗೂ ಶರಣು ಶರಣಾರ್ಥಿ.

ಕಲಬುರಗಿಯಲ್ಲಿ ನಿಂತು ಸಮುದ್ರದ ದಂಡೆಯ ಗುಡ್ಡ, ಕಾಡಿನ ಕಾಲುದಾರಿಗಳ ಬಗ್ಗೆ ಮಾತಾಡುತ್ತೇನೆ ಅಂದಾಗ ನಮ್ಮ ಮನೆಯಲ್ಲೇ ಕೇಳಿದರು, "ಸಮುದ್ರ ಎಲ್ಲಿ, ನಾವೆಲ್ಲಿ?" ಆದರೆ ರಜೆ ಬಂತೆಂದರೆ ನಮ್ಮ ಕಡೆಯಿಂದ ಗೋಕರ್ಣ, ಮುರ್ಡೇಶ್ವರ, ಕಾರವಾರಕ್ಕೆ ಎಷ್ಟು ಗಾಡಿ ಹೊರಡುತ್ತವೆ ಅಂತ ನಿಮಗೇ ಗೊತ್ತು. ಆ ಗಾಡಿಯಲ್ಲಿ ಅಜ್ಜಿ ಇರುತ್ತಾರೆ, ಐದು ವರ್ಷದ ಕೂಸು ಇರುತ್ತದೆ, ಒಂದು ಕಾಲು ಎಳೆದು ನಡೆಯುವ ಕಾಕಾ ಇರುತ್ತಾರೆ. ಉಳಿದವರು ಗುಡ್ಡ ಹತ್ತಲು ಹೋದಾಗ ಇವರು ಮರಳಿನ ಮೇಲೆ ಚಾಪೆ ಹಾಸಿಕೊಂಡು ಎಲ್ಲರ ಚಪ್ಪಲಿ, ಬ್ಯಾಗು ಕಾಯುತ್ತಾ ಕೂತಿರುತ್ತಾರೆ. ನಾನು ಇವತ್ತು ಅವರ ಪರವಾಗಿ ಮಾತಾಡಲು ಬಂದಿದ್ದೇನೆ.

ನಮ್ಮ ಅವ್ವನಿಂದಲೇ ಶುರು ಮಾಡುತ್ತೇನೆ. ಗೋಕರ್ಣದಲ್ಲಿ ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲಿಂದ ಒಂದು ಕಾಲುದಾರಿ ಇದೆ. ನಡೆದು ರೂಢಿ ಇದ್ದವರಿಗೆ ಅರ್ಧ ಗಂಟೆಯ ದಾರಿ. "ಸುಲಭ, ಎಲ್ಲರೂ ಹೋಗಬಹುದು" ಅಂತ ನಾವು ಉಳಿದುಕೊಂಡ ಕಡೆ ಹೇಳಿದರು. ಅವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ, ಎಲ್ಲರಿಗಿಂತ ಮುಂದೆ ಹೊರಟಳು. ಒಂದು ತಿರುವಿನಲ್ಲಿ ಕೆಂಪು ಕಲ್ಲಿನ ಒಂದೇ ಒಂದು ಮೆಟ್ಟಿಲು ಎದುರಾಯಿತು. ಮೊಣಕಾಲಿನಷ್ಟು ಎತ್ತರ. ಅವ್ವ ಅಂಗೈ ಕಲ್ಲಿನ ಮೇಲೆ ಊರಿದಳು. ಬಲಗಾಲು ಎತ್ತಿದಳು, ಇಟ್ಟಳು, ಭಾರ ಹಾಕಿ ನೋಡಿದಳು, ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ಅಂಗೈ ತುಂಬ ಕೆಂಪು ಧೂಳು. ಇನ್ನೊಂದು ಸಲ ಪ್ರಯತ್ನ ಮಾಡಲಿಲ್ಲ. "ನೀವು ಹೋಗ್ರಿ, ನಾ ಇಲ್ಲೇ ಕುಂದರತೀನಿ" ಅಂದಳು. ನಾವು ಹೋದೆವು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ವಾಪಸ್ ಬಂದು, ಓಂ ಬೀಚಿನ ಮೇಲ್ಗಡೆ ತನಕ ಆಟೋ ಬರುತ್ತದೆ, ಅಲ್ಲಿಂದ ಇಳಿಯಲು ಕಟ್ಟಿದ ಮೆಟ್ಟಿಲುಗಳೂ ಇವೆ ಅಂತ ಹೇಳಿದಾಗ ಅವ್ವ ಅಂದದ್ದು ಇಷ್ಟೇ: "ಮೊದ್ಲೇ ಹೇಳಿದ್ರ ನಾ ಆಟೋದಾಗ ಆ ಬಾಜು ಬಂದು ಕುಂದರತಿದ್ನಲ್ಲ."

ನನಗೆ ಹೇಳಬೇಕಾಗಿರುವುದೂ ಇಷ್ಟೇ. ಕಲ್ಲು ಎತ್ತರ ಇದ್ದದ್ದು ತಪ್ಪಲ್ಲ. ಕಲ್ಲು ಇದೆ ಅಂತ ಮೊದಲೇ ಯಾರೂ ಹೇಳದೇ ಇದ್ದದ್ದು ತಪ್ಪು.

ಕಡಲತೀರದ ಗುಡ್ಡಗಳು ನೋಡಲು ಸಣ್ಣವು. ಅಲ್ಲೇ ಮೋಸ ಹೋಗುತ್ತೇವೆ. ಒಂದು ಬೀಚಿನಿಂದ ಹತ್ತಬೇಕು, ಇಳಿಯಬೇಕು, ಮುಂದಿನ ಬೀಚಿನಿಂದ ಮತ್ತೆ ಹತ್ತಬೇಕು. ಇಂಗ್ಲೆಂಡಿನ ನೈಋತ್ಯ ಕರಾವಳಿಯುದ್ದಕ್ಕೂ 1,014 ಕಿಲೋಮೀಟರಿನ ಒಂದು ಕಾಲುದಾರಿ ಇದೆ. ಅದರಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಬರೀ 318 ಮೀಟರ್. ಆದರೆ ಪೂರ್ತಿ ನಡೆದವರು ಒಟ್ಟು ಹತ್ತುವುದು ಸುಮಾರು 35,000 ಮೀಟರ್. ಎವರೆಸ್ಟನ್ನು ಸಮುದ್ರದಿಂದಲೇ ನಾಲ್ಕು ಸಲ ಹತ್ತಿದ ಹಾಗೆ, ಅಲ್ವಾ? ಇಳಿಯುವುದು ಇನ್ನೂ ಕಷ್ಟ. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಮೊಣಕಾಲು ಸೋಲುತ್ತದೆ. ನೆಲದ ಮೇಲೆ ಬೀಳುವ ಪ್ರತಿ ಹೆಜ್ಜೆಯ ಭಾರವನ್ನು ತೊಡೆ, ಮೊಣಕಾಲು ತಡೆದು ಹಿಡಿಯಬೇಕು. ಅದಕ್ಕೇ ಮೊಣಕಾಲು ನೋವಿದ್ದವರು ಬಡಿಗೆಯನ್ನು ಇಳಿಯುವಾಗ ಮರೆಯಲೇಬಾರದು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಕಂಡವರು ನಾವು, ಅಲ್ಲಿಯ 32 ಡಿಗ್ರಿ ಏನು ಮಹಾ ಅಂದುಕೊಳ್ಳುತ್ತೇವೆ. ಇಲ್ಲಿಯದು ಒಣ ಬಿಸಿಲು. ಬೆವರು ಬಂದದ್ದೇ ಆರುತ್ತದೆ, ಆರುವಾಗ ಮೈ ತಂಪು ಮಾಡುತ್ತದೆ. ಅಲ್ಲಿ ಗಾಳಿಯೇ ತೇವ. ಬೆವರು ಆರುವುದಿಲ್ಲ, ಸುಮ್ನೆ ಹರಿಯುತ್ತದೆ. ಮೈಯೊಳಗಿನ ಕಾವು ಒಳಗೇ ಉಳಿಯುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರನ್ನು ಬೆಳಿಗ್ಗೆ ಹತ್ತರ ಮೇಲೆ ಆ ಗುಡ್ಡಕ್ಕೆ ಕರೆದೊಯ್ಯಬೇಡಿ. ಉಳಿದವರಿಗೆ ನೀರಿನ ಜೊತೆ ಉಪ್ಪೂ ಹೊಟ್ಟೆಗೆ ಹೋಗಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಬೇರೇನೂ ಬೇಡ.

ಆ ಕೆಂಪು ಕಲ್ಲು ನಮಗೆ ಹೊಸದಲ್ಲ. ಕರಾವಳಿಯವರು ಚಿರೇಕಲ್ಲು ಅನ್ನುತ್ತಾರೆ, ನಾವು ಜಂಬಿಟ್ಟಿಗೆ ಅನ್ನುತ್ತೇವೆ. ಬೀದರ ಕೋಟೆ ನಿಂತಿರುವುದು ಅದೇ ಜಾತಿಯ ಕಲ್ಲಿನ ಮೇಲೆ, ಅದರ ಕಂದಕ ಕೊರೆದದ್ದೂ ಅದರಲ್ಲೇ. ಜೇನುಗೂಡಿನ ಹಾಗೆ ತೂತು ತೂತು, ಒಣಗಿದ್ದಾಗ ಕಾಲು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮಳೆಗಾಲದಲ್ಲಿ ಅದೇ ಕಲ್ಲಿನ ಮೇಲೆ ಪಾಚಿ ಕಟ್ಟಿ, ಎಣ್ಣೆ ಸುರಿದ ಹಾಗೆ ಜಾರುತ್ತದೆ. ಜನವರಿಯಲ್ಲಿ ಮಗು ಓಡಿದ ದಾರಿಯಲ್ಲಿ ಜುಲೈಯಲ್ಲಿ ದೊಡ್ಡವರೂ ಬೀಳುತ್ತಾರೆ.

ಹಾಗಾದರೆ ದಾರಿಯ ಬಗ್ಗೆ ಹೇಗೆ ಹೇಳಬೇಕು? "ಸುಲಭ", "ಕಷ್ಟ" ಅನ್ನುವ ಎರಡು ಮಾತುಗಳನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ಯಾರಿಗೆ ಸುಲಭ? ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಬೇಲಿ ದಾಟುವ ಮೆಟ್ಟಿಲುಗಳಿಲ್ಲದ ದಾರಿಗಳನ್ನು ಹುಡುಕಿ, ಬೇಕಾದಲ್ಲಿ ಸರಿಮಾಡಿ, ಮೂರು ಗುಂಪು ಮಾಡಿದ್ದಾರೆ: ಎಲ್ಲರಿಗೂ ಆಗುವವು, ಬಹಳ ಜನರಿಗೆ ಆಗುವವು, ಕೆಲವರಿಗೆ ಆಗುವವು. ನನಗೆ ಈ ಹೆಸರುಗಳು ಹಿಡಿಸಿದವು. "ಎಲ್ಲರಿಗೂ" ಅನ್ನಬೇಕಾದರೆ ಏರು ಹತ್ತಕ್ಕೆ ಒಂದಕ್ಕಿಂತ ಜಾಸ್ತಿ ಇರಬಾರದು. ಅಂದರೆ ಹತ್ತು ಅಡಿ ಮುಂದೆ ಹೋದಾಗ ಒಂದು ಅಡಿ ಮೇಲೆ. ವೀಲ್‌ಚೇರಿನವರೂ ಹೋಗಬಹುದು, ತಳ್ಳುಗಾಡಿಯಲ್ಲಿ ಕೂಸನ್ನು ಕೂರಿಸಿಕೊಂಡ ತಾಯಿಯೂ ಹೋಗಬಹುದು.

ಏರನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ನಮ್ಮ ಗೌಂಡಿಗಳ ಹತ್ತಿರ ಇರುವ ನೀರಿನ ಪೈಪು ಸಾಕು. ಇದೇ ನೋಡಿ, ತಂದಿದ್ದೇನೆ. ಒಳಗೆ ನೀರು ಕಾಣುವ ತೆಳು ಪೈಪು. ಇಲ್ಲಿ ನಾನೊಂದು ತುದಿ ಹಿಡಿಯುತ್ತೇನೆ, ಹತ್ತು ಅಡಿ ಮೇಲ್ಗಡೆ ನೀವೊಂದು ತುದಿ ಹಿಡಿಯಿರಿ. ಒಳಗೆ ಗಾಳಿಯ ಗುಳ್ಳೆ ಇರಬಾರದು, ಇದ್ದರೆ ಲೆಕ್ಕ ತಪ್ಪುತ್ತದೆ. ನೀರು ಅಲ್ಲಾಡಿ ಅಲ್ಲಾಡಿ ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನನ್ನ ಕಡೆ ನೆಲದಿಂದ ನೀರು ನಾಲ್ಕು ಅಡಿ ಮೇಲಿದೆ, ನಿಮ್ಮ ಕಡೆ ಮೂರು ಅಡಿ ಅಂತ ಇಟ್ಟುಕೊಳ್ಳಿ. ಏರು ಒಂದು ಅಡಿ. ಹತ್ತಕ್ಕೆ ಒಂದು. ಮನೆ ಕಟ್ಟುವ ಪ್ರತಿ ಗೌಂಡಿಗೂ ಈ ಕೆಲಸ ಬರುತ್ತದೆ.

ಎಷ್ಟು ಹೊತ್ತು ಬೇಕು ಅಂತ ಹೇಳುವ ಹಳೆಯ ಲೆಕ್ಕವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಗಟ್ಟಿ ಕಾಲಿನವರ ಲೆಕ್ಕ ಅದು. ಕೂಸು, ಹಿರಿಯರು ಜೊತೆಗಿದ್ದರೆ ನಾನು ಅದನ್ನು ದುಪ್ಪಟ್ಟು ಮಾಡಿಕೊಳ್ಳುತ್ತೇನೆ.

ಕೆಲವರು ನನ್ನ ಮಾತು ಕೇಳಿ, ಹಾಗಾದರೆ ಕಾಡಿಗೆಲ್ಲ ಸಿಮೆಂಟು ಹಾಕಬೇಕೇ ಅನ್ನುತ್ತಾರೆ. ಬೇಡವೇ ಬೇಡ. ಗುಡ್ಡಕ್ಕೆ ಟೈಲ್ಸ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕಡಿದಾದ ದಾರಿ ಕಡಿದಾಗಿಯೇ ಇರಲಿ. ಆದರೆ ಸಪಾಟಾದ ಒಂದು ಕಿಲೋಮೀಟರಾದರೂ ಎಲ್ಲರಿಗೂ ಸಿಗಲಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಶಾಲೆ, ಕೆಲಸದ ಜೊತೆಗೆ ವಿಹಾರ, ಮನರಂಜನೆಯ ಮಾತೂ ಇದೆ.

ಈಗ ನಮ್ಮ ನೆಲಕ್ಕೆ ಬರೋಣ. ಚಿಂಚೋಳಿ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 135 ಚದರ ಕಿಲೋಮೀಟರ್. ಸಾಗವಾನಿ, ಶ್ರೀಗಂಧ, ರಕ್ತಚಂದನ, ಚಂದ್ರಂಪಳ್ಳಿ ಕೆರೆಯ ಸುತ್ತ ಸಣ್ಣ ಗುಡ್ಡಗಳು. ಎಲೆ ಉದುರಿಸುವ ಕಾಡು ಇದು. ಡಿಸೆಂಬರಿನಲ್ಲಿ ನೆರಳಿದ್ದ ದಾರಿಯಲ್ಲಿ ಮಾರ್ಚಿಗೆ ಮುತ್ತುಗದ ಹೂವಿರುತ್ತದೆ, ನೆರಳಿರುವುದಿಲ್ಲ. ಹಾಗಾಗಿ ದಾರಿಯ ಬಗ್ಗೆ ಮೊದಲೇ ಹೇಳಲು ನಾವು ಹಾಕುವ ಬೋರ್ಡಿನಲ್ಲಿ ತಿಂಗಳನ್ನೂ ಬರೆಯಬೇಕು. ಬೀದರ ಕೋಟೆಯ ಒಳಗಿನ ಬಯಲು, ಅಲ್ಲೇ ಹತ್ತಿರದ ಅಷ್ಟೂರಿನ ಗುಮ್ಮಟಗಳ ಸುತ್ತಲಿನ ನೆಲ ಹೆಚ್ಚೂಕಡಿಮೆ ಸಪಾಟು. ಯಾದಗಿರಿಯ ಕೋಟೆ ಗುಡ್ಡ ಅದಕ್ಕೆ ಪೂರ್ತಿ ಉಲ್ಟಾ. ಹತ್ತುವವರಿಗೆ ಕೆಳಗೇ ಹೇಳಿಬಿಡಬೇಕು: ಮೆಟ್ಟಿಲು ಎಷ್ಟು, ಎಲ್ಲಕ್ಕಿಂತ ಎತ್ತರದ ಮೆಟ್ಟಿಲು ಎಷ್ಟು ಇಂಚು, ಕೂರುವ ಜಾಗ ಎಷ್ಟು ಹೆಜ್ಜೆಗೆ ಒಂದು, ನೀರು ಎಲ್ಲಿ, ವಾಪಸ್ ತಿರುಗಬಹುದಾದ ಜಾಗ ಎಲ್ಲಿ. ಕಣ್ಣು ಕಾಣದವರಿಗೆ ಇದನ್ನೇ ಯಾರಾದರೂ ಓದಿ ಹೇಳಿದರೆ ದಾರಿ ಅರ್ಧ ಗೊತ್ತಾದ ಹಾಗೆ.

ದಾರಿ ಅಳೆದು ಬರೆಯುವ ಈ ಕೆಲಸವನ್ನು ನಾವು ಚಿಂಚೋಳಿಯಿಂದ ಶುರು ಮಾಡುತ್ತೇವೆ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೊದಲ ಭಾನುವಾರ, ಬೆಳಿಗ್ಗೆ ಆರಕ್ಕೆ ಬಸ್ ನಿಲ್ದಾಣದ ಮುಂದೆ ಸೇರೋಣ. ಅಳತೆ ಟೇಪು ನನ್ನ ಹತ್ತಿರ ಇದೆ. ಒಂದು ನೋಟ್‌ಬುಕ್ಕು, ಎರಡು ಲೀಟರ್ ನೀರು ತನ್ನಿ. ವೀಲ್‌ಚೇರಿನಲ್ಲಿ ಬರುವವರು ಇದ್ದರೆ ಇವತ್ತೇ ಬಂದು ಹೇಳಿ, ಅದಕ್ಕೆ ತಕ್ಕ ಗಾಡಿ ನೋಡುತ್ತೇನೆ. ಅವ್ವ ಬರುತ್ತಾಳೆ. ಯಾವ ಕಲ್ಲು ಎತ್ತರ ಅಂತ ತಾನೇ ಹೇಳುತ್ತಾಳಂತೆ. ಪೈಪಿನ ಇನ್ನೊಂದು ತುದಿ ಹಿಡಿಯಲು ಯಾರು ಬರುತ್ತೀರಿ, ಕೈ ಎತ್ತಿ.