ಟ್ರಯಲ್ ದಿನ ನಾಯಿಗೆ ಕಾಣೋದೇ ಬೇರೆ ಮೈದಾನ

ಎಲ್ಲರಿಗೂ ನಮಸ್ಕಾರ. ಈ ಸೀಸನ್‌ಗೆ ನಿಮ್ಮಲ್ಲಿ ತುಂಬಾ ಜನ ಹೆಸರು ಕೊಟ್ಟಿದೀರ, ಹಾಗಾಗಿ ಐಜಿಪಿಲಿ, ಅಂದ್ರೆ ನಾಯಿಗಳ ಈ ಕ್ರೀಡಾ ಪರೀಕ್ಷೆಲಿ, ಮೂರು ಭಾಗ (ವಾಸನೆ ಹಿಡಿದು ಹೋಗೋ ಟ್ರ್ಯಾಕಿಂಗ್, ಮಾತು ಕೇಳೋ ಒಬಿಡಿಯನ್ಸ್, ರಕ್ಷಣೆಯ ಪ್ರೊಟೆಕ್ಷನ್), ಒಂದೊಂದಕ್ಕೆ 100 ಅಂಕ, ಪಾಸಾಗೋಕೆ 70 ಬೇಕು ಅನ್ನೋದನ್ನೆಲ್ಲ ಮತ್ತೆ ಹೇಳ್ತಾ ಕೂರಲ್ಲ. ನನ್ನ ತಕರಾರು ಒಂದೇ. ಕ್ಲಬ್‌ನಲ್ಲಿ ನಾವು ಹೀಲ್ ಕಲಿಸ್ತೀವಿ, ಅಂದ್ರೆ ಪಕ್ಕದಲ್ಲೇ ಅಂಟಿಕೊಂಡು ನಡೆಯೋದು, ಔಟ್ ಕಲಿಸ್ತೀವಿ, ಅಂದ್ರೆ ಹಿಡಿದಿದ್ದನ್ನ ಬಿಡೋದು, ಪರೀಕ್ಷೆಯ ದಿನ ಅನ್ನೋ ಟ್ರಯಲ್ ಮಾತ್ರ ಕಲಿಸಲ್ಲ.

ಸ್ನೇಹಿತರೊಬ್ಬರ ಹತ್ರ ಮಾಲಿನ್ವಾ ತಳಿಯ ಒಂದು ಹೆಣ್ಣು ನಾಯಿ ಇತ್ತು. ಎದುರಾಳಿ ಪಾತ್ರ ಮಾಡೋ ಹೆಲ್ಪರ್ ತೋಳಿಗೆ ಹಾಕಿರೋ ದಪ್ಪ ಸ್ಲೀವ್‌ನ ಬಾಯಿ ತುಂಬಾ ಹಿಡಿಯೋದು, ಅವರು ಔಟ್ ಅಂದ ತಕ್ಷಣ ಬಿಡೋದು, ಅಷ್ಟು ಚೆನ್ನಾಗಿತ್ತು. ಟ್ರಯಲ್‌ನಲ್ಲಿ ಬ್ಲೈಂಡ್‌ಗಳನ್ನ, ಅಂದ್ರೆ ಹೆಲ್ಪರ್ ಬಚ್ಚಿಟ್ಕೊಳ್ಳೋ ಮರೆಗಳನ್ನ, ಸುತ್ತಿ ಹೆಲ್ಪರ್‌ನ ಹುಡುಕ್ತು, ಮುಟ್ಟದೇನೇ ಎದುರಿಗೆ ನಿಂತು ಬೊಗಳ್ತು, ನಮಗೆಲ್ಲ ಖುಷಿಯೋ ಖುಷಿ. ಆಮೇಲೆ ಹೆಲ್ಪರ್ ಓಡೋಕೆ ನೋಡಿದ, ಹೋಗಿ ಹಿಡೀತು, ಅವನು ನಿಂತ. ನಮ್ಮ ಸ್ನೇಹಿತರು ಔಟ್ ಅಂದ್ರು. ಬಿಡ್ಲಿಲ್ಲ. ಜಡ್ಜ್ ಇನ್ನೊಂದ್ಸಲ ಹೇಳಿ ಅಂತ ಸನ್ನೆ ಮಾಡಿದ್ರು, ಇಲ್ಲ. ಮೂರನೇ ಸಲ ಮೈದಾನ ಪೂರ್ತಿ ಕೇಳೋ ಹಾಗೆ ಕೂಗಿದ್ರು, ಆಗ್ಲೂ ಇಲ್ಲ. ಅಲ್ಲಿಗೆ ಡಿಸ್‌ಕ್ವಾಲಿಫೈ.

ನಾಯಿ ಮೊಂಡು ಅಂದ್ರು ಎಲ್ಲರೂ. ಆದ್ರೆ ಹಳೇ ವಿಡಿಯೋಗಳನ್ನ ಕೂತು ನೋಡಿದಾಗ ವಿಷಯ ಗೊತ್ತಾಯ್ತು, ಕ್ಲಬ್‌ನಲ್ಲಿ ಪ್ರತಿ ಸಲ ಇವರು ಒಂದು ಹೆಜ್ಜೆ ಪಕ್ಕದಲ್ಲೇ ಲಾಂಗ್ ಲೈನ್, ಅಂದ್ರೆ ಉದ್ದದ ಹಗ್ಗ, ಹಿಡ್ಕೊಂಡು ನಿಂತಿರ್ತಿದ್ರು, ಬಾಯಿ ತೆರೆಯೋಕೆ ಮುಂಚೆ ಭುಜ ಸ್ವಲ್ಪ ಮುಂದಕ್ಕೆ ಬಾಗ್ತಿತ್ತು, ನಾಯಿ ಬಿಡ್ತಿದ್ದಿದ್ದು ಆ ಭುಜ ನೋಡಿ. ಟ್ರಯಲ್‌ನಲ್ಲಿ ಇವರು ದೂರ, ಲೈನ್ ಇಲ್ಲ, ಹೆಲ್ಪರ್ ಹೊಸಬ, ಟೆನ್ಶನ್‌ಗೆ ದನಿನೂ ಬೇರೆ. ಪಾಪ ಅದು ಏನು ಮಾಡ್ಬೇಕು ಹೇಳಿ?

ಅದಕ್ಕೇ ಹೇಳೋದು, ಒಂದೊಂದಾಗಿ ಬದಲಾಯಿಸಿ. ಮೊದ್ಲು ನೀವು ದೂರ ಹೋಗಿ ನಿಲ್ಲಿ, ಹೆಲ್ಪರ್ ಹಳಬರೇ ಇರ್ಲಿ. ಅದು ಗಟ್ಟಿಯಾದ್ಮೇಲೆ ಬೇರೆ ಹೆಲ್ಪರ್, ಆಮೇಲೆ ಬೇರೆ ಮೈದಾನ. ಎಲ್ಲಾನೂ ಒಂದೇ ದಿನ ಬದಲಾಯಿಸಿದ್ರೆ ಎಲ್ಲಿ ಕೆಟ್ಟಿತು ಅಂತಾನೇ ಗೊತ್ತಾಗಲ್ಲ.

ಒಬಿಡಿಯನ್ಸ್‌ನಲ್ಲೂ ಇದೇ ಕಥೆ. ಜೇಬಲ್ಲಿ ಬಾಲ್ ಇದ್ದಾಗ ನಿಮ್ಮ ನಡಿಗೆನೇ ಬೇರೆ, ನಾಯಿ ಅದನ್ನ ಓದುತ್ತೆ. ಟ್ರಯಲ್‌ಗೆ ಬಾಲೂ ಇಲ್ಲ, ತಿಂಡಿನೂ ಇಲ್ಲ. ಬಾಲ್‌ನ ಬೇಲಿ ಆಚೆ ಇಟ್ಟು ಕೆಲಸ ಮಾಡ್ಸಿ, ಮುಗಿದ್ಮೇಲೆ ಇಬ್ಬರೂ ಓಡಿ ಹೋಗಿ ತಗೊಳ್ಳಿ. ಮೊದ್ಲು ನಾಲ್ಕು ಹೆಜ್ಜೆ ಹೀಲ್ ಮಾಡಿ ಓಡಿ, ಆಮೇಲೆ ನಿಧಾನಕ್ಕೆ ಉದ್ದ ಮಾಡ್ತಾ ಹೋಗಿ.

ಟೈಮ್ ಆಯ್ತು ಅಂತ ಕೈ ತೋರಿಸ್ತಿದಾರೆ, ಬೇಗ ಮುಗಿಸ್ತೀನಿ. ಟ್ರಯಲ್‌ನಲ್ಲಿ ಗುಂಡಿನ ಸದ್ದೂ ಇರುತ್ತೆ, ಅದರ ಅಭ್ಯಾಸ ದೂರದಿಂದ ಶುರು ಮಾಡಿ. ಲಾಂಗ್ ಡೌನ್, ಅಂದ್ರೆ ತುಂಬಾ ಹೊತ್ತು ಮಲಗಿರೋದು, ಮಾಡಿಸುವಾಗ ಪಕ್ಕದಲ್ಲಿ ಇನ್ನೊಂದು ನಾಯಿ ಕೆಲಸ ಮಾಡ್ತಿರ್ಲಿ. ಟ್ರ್ಯಾಕಿಂಗ್ ಬಗ್ಗೆ ಇವತ್ತು ಆಗಲ್ಲ. ಔಟ್ ತೊಂದರೆ ಇರೋರು ಇಲ್ಲಿಂದ ಸೀದಾ ಮೈದಾನಕ್ಕೆ ನಾಯಿ ಕರ್ಕೊಂಡು ಬನ್ನಿ, ಒಬ್ಬರು ವಿಡಿಯೋ ಮಾಡ್ಲಿ, ನಿಮ್ಮ ಭುಜ ನೋಡೋಣ.