ಅಮ್ಮನ ಕೂಲಿ ಎಲ್ಲಿ?

ಅಧ್ಯಕ್ಷರೇ, ಸಮುದಾಯ ಕಾಲೇಜುಗಳಿಂದ ಬಂದಿರುವ ಅಧ್ಯಾಪಕ ಮಿತ್ರರೇ,

ಉದ್ಯಮಶೀಲತೆಯನ್ನು ಕಲಿಸುವುದು ಹೇಗೆ ಎಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲ ಕೊಟ್ಟವನು, ಆಮೇಲೆ ಅದರ ವಸೂಲಿಗೆ ಬಾಗಿಲು ತಟ್ಟಿದವನು. ಈಗ ಅತಿಥಿ ಉಪನ್ಯಾಸಕ. ಹಾಗಾಗಿ ನನ್ನ ಮಾತಿನಲ್ಲಿ ಸ್ಫೂರ್ತಿ ಕಡಿಮೆ, ಲೆಕ್ಕ ಜಾಸ್ತಿ.

ಒಂದು ಕೊಡುಬಳೆಯ ಕಥೆಯಿಂದ ಶುರು ಮಾಡುತ್ತೇನೆ. ಕಾಲೇಜಿನ ವ್ಯಾಪಾರ ಮೇಳಕ್ಕೆ ಒಬ್ಬ ವಿದ್ಯಾರ್ಥಿನಿ ಇಪ್ಪತ್ತು ಪೊಟ್ಟಣ ಕೊಡುಬಳೆ ತಂದಿದ್ದಳು. ಪೊಟ್ಟಣಕ್ಕೆ 30 ರೂಪಾಯಿ. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ. ಅಕ್ಕಿ ಹಿಟ್ಟು, ಎಣ್ಣೆ, ಮೆಣಸಿನ ಪುಡಿ, ಓಮ, ಕವರು ಎಲ್ಲ ಸೇರಿ ಖರ್ಚು 340. ಲಾಭ 260 ಎಂದು ದುಂಡಗೆ ಬರೆದು, ಅಡಿಗೆರೆ ಎಳೆದು ನನ್ನ ಮುಂದೆ ಹಿಡಿದಳು.

“ಗ್ಯಾಸು?” ಎಂದೆ. “ಅದು ಮನೆಯದ್ದು, ಸಾರ್.”

“ಕರಿದದ್ದು ಯಾರು?” “ಅಮ್ಮ. ನಾಲ್ಕು ಗಂಟೆಗೆ ಎದ್ದು ಏಳರವರೆಗೆ.”

“ಅಮ್ಮನ ಕೂಲಿ ಎಲ್ಲಿ ಬರೆದಿದ್ದೀಯ?” ಅವಳು ನಕ್ಕಳು. ಅಮ್ಮನಿಗೆಂಥ ಕೂಲಿ! ಆ ತಾಯಿ ಬೀಡಿ ಕಟ್ಟುವವರು ಎಂದು ನನಗೆ ಗೊತ್ತಿತ್ತು. “ಆ ಮೂರು ಗಂಟೆಯಲ್ಲಿ ಅಮ್ಮ ಎಷ್ಟು ಬೀಡಿ ಕಟ್ಟುತ್ತಿದ್ದರು?” ಎಂದು ಕೇಳಿದೆ. ಹುಡುಗಿ ಯೋಚಿಸಲೇ ಇಲ್ಲ. “ಮುನ್ನೂರು” ಎಂದಳು. ಹೇಳಿದ ಮೇಲೆ ನಗು ನಿಂತಿತು. ಪುಸ್ತಕ ತಿರುಗಿಸಿಕೊಂಡು ಮತ್ತೆ ಕೂಡಿಸಲು ಕುಳಿತಳು.

ಅಷ್ಟಕ್ಕೇ ಮುಗಿಯಲಿಲ್ಲ. ಐದು ಪೊಟ್ಟಣ ಹಾಸ್ಟೆಲಿನ ಗೆಳತಿಯರಿಗೆ ಉದ್ರಿ ಹೋಗಿತ್ತು. ಇನ್ನೊಂದು ಮೇಷ್ಟರ ಪಾಲು. ಆ ಮೇಷ್ಟರು ನಾನೇ. ಕೈಗೆ ಬಂದದ್ದು 420, ಖರ್ಚು ಕಳೆದರೆ ಉಳಿದದ್ದು 80. ಕಾಗದದಲ್ಲಿ 260, ಚೀಲದಲ್ಲಿ 80. ನಮ್ಮ ಪಠ್ಯದ ಎರಡು ಅಧ್ಯಾಯ ಆ ಚೀಲದಲ್ಲಿತ್ತು. ನಾವಾದರೋ ಉದ್ಯಮಿಯ ಹತ್ತು ಗುಣಗಳನ್ನು ಬಾಯಿಪಾಠ ಮಾಡಿಸಿ, ಅಂಕ ಕೊಟ್ಟು ಕಳುಹಿಸುತ್ತೇವೆ. ಆ ಹತ್ತು ಗುಣಗಳಲ್ಲಿ ಉದ್ರಿ ಕೇಳುವ ಧೈರ್ಯವನ್ನು ಯಾರೂ ಸೇರಿಸಿಲ್ಲ.

ಹೀಗೆ ದುಡ್ಡಿನ ಲೆಕ್ಕ ಕಲಿಸುವುದು ನಮ್ಮ ನೆಲಕ್ಕೆ ಹೊಸದಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಯೋಜನೆ ತಂದಿತು. ದಿನಕ್ಕೆ ಎರಡಾಣೆ, ಏಜೆಂಟರು ಮನೆ ಬಾಗಿಲಿಗೇ ಬರುತ್ತಿದ್ದರು. ದಿನದ ದುಡ್ಡನ್ನು ದಿನವೇ ಎಣಿಸುವ ಅಭ್ಯಾಸ ಅದು. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ, ಹಳ್ಳಿಯ ಯುವಜನರಿಗೆ ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಶುರುವಾಯಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅದೇ ಮಾದರಿಯಲ್ಲಿ ಈಗ ದೇಶದ ಬಹುತೇಕ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳಿವೆ. ನನಗೆ ಅವುಗಳಲ್ಲಿ ಮೆಚ್ಚುಗೆಯಾದದ್ದು ತರಬೇತಿಗಿಂತ ಆಮೇಲಿನದು: ಕಲಿತು ಹೋದವರನ್ನು ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುತ್ತಾರೆ. ಅಂಗಡಿ ತೆರೆದೆಯಾ, ಸಾಲ ಸಿಕ್ಕಿತಾ, ಯಾಕೆ ನಿಂತಿತು? ನಾವು ಪರೀಕ್ಷೆ ಮುಗಿದ ಮರುದಿನ ವಿದ್ಯಾರ್ಥಿಯ ಹೆಸರನ್ನೇ ಮರೆಯುತ್ತೇವೆ. ಕಾಲೇಜಿನ ಪಕ್ಕದ ಆರ್‌ಸೆಟಿಗೆ ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ? ಕೈ ಎತ್ತಿ... ಬೇಡ ಬಿಡಿ, ಛಾಯಾಗ್ರಾಹಕರಿದ್ದಾರೆ.

ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2013ರ ಸುಮಾರಿಗೆ ಕೌಶಲ ಕಲಿಸುವ ಈ ಸಮುದಾಯ ಕಾಲೇಜುಗಳ ಯೋಜನೆ ತಂದಾಗ ಸ್ಥಳೀಯ ಉದ್ದಿಮೆಗಳ ನಂಟನ್ನೇ ಮುಖ್ಯವಾಗಿಟ್ಟಿತ್ತು. ನಾವು ಆ ನಂಟನ್ನು ಒಡಂಬಡಿಕೆಯ ಫೋಟೋದಲ್ಲಿ ಮುಗಿಸಿದೆವು. ಊರಿನ ಬೇಕರಿಯವರು, ಗ್ಯಾರೇಜಿನವರು ತಿಂಗಳಿಗೊಮ್ಮೆ ತರಗತಿಗೆ ಬರಲಿ, ತಮ್ಮ ಉದ್ರಿ ಪುಸ್ತಕ ಹಿಡಿದುಕೊಂಡೇ ಬರಲಿ. ಅವರಿಗೂ ಅದೇ ಪ್ರಶ್ನೆ ಕೇಳಿಸಿ: ಗಲ್ಲಾದಲ್ಲಿ ಕೂರುವ ಹೆಂಡತಿಯ ಕೂಲಿ ಎಲ್ಲಿ?

ಸಮಯವಾಯಿತೆಂದು ಚೀಟಿ ಬಂತು. ಸಾಲದ ಬಗ್ಗೆ, ಮಾರುಕಟ್ಟೆ ಸಮೀಕ್ಷೆಯ ಬಗ್ಗೆ ಇನ್ನೂ ನಾಲ್ಕು ಹಾಳೆಗಳಿವೆ, ಮಡಚಿಡುತ್ತೇನೆ. ಎರಡೇ ಮಾತು. ಸಣ್ಣ ವ್ಯಾಪಾರಕ್ಕೆಂದು ಸರ್ಕಾರ ತಂದ ಮುದ್ರಾ ಯೋಜನೆಯಲ್ಲಿ ‘ಶಿಶು’ ಎಂಬ ಮೊದಲ ಹಂತದ ಸಾಲ 50,000 ರೂಪಾಯಿಯವರೆಗೆ ಜಾಮೀನಿಲ್ಲದೆ ಸಿಗುತ್ತದೆ. ಜಾಮೀನಿಲ್ಲ ಎಂದರೆ ಮರುಪಾವತಿ ಇಲ್ಲ ಎಂದಲ್ಲ, ಇದನ್ನು ದಯವಿಟ್ಟು ಬಿಡಿಸಿ ಹೇಳಿ. ಸಣ್ಣ ಉದ್ಯಮಗಳನ್ನು ಸರ್ಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕವೇ ಇಲ್ಲ. ಅದಕ್ಕೆ ದುಡ್ಡು ಕೇಳುವ ಜಾಲತಾಣಗಳಿವೆ, ಮಕ್ಕಳಿಗೆ ಎಚ್ಚರಿಸಿ.

ಊಟದ ಗಂಟೆ ಹೊಡೆಯುವ ಮುನ್ನ ಒಂದು ಬಿನ್ನಹ. ಹೊರಗೆ ಕಾರಿಡಾರಿನಲ್ಲಿ ನಿಮ್ಮ ವಿದ್ಯಾರ್ಥಿಗಳು ಮೇಜು ಹಾಕಿಕೊಂಡು ಕುಳಿತಿದ್ದಾರೆ. ಚಕ್ಕುಲಿ ಇದೆ, ಉಪ್ಪಿನಕಾಯಿ ಇದೆ. ರುಚಿ ನೋಡುತ್ತೇನೆ ಎಂದು ಪೊಟ್ಟಣ ಬಿಚ್ಚುವವರು ಮೊದಲು ದುಡ್ಡು ಕೊಡಿ. ನಾನು ಬೆಳಿಗ್ಗೆಯೇ ಕೊಟ್ಟಿದ್ದೇನೆ. ಈ ಸಲ ರಸೀದಿಯೂ ಇದೆ.